ಇಲಿ ಬಿದ್ದ ಕಾಲ

ಧಾರವಾಡದ ಕಡೆಯ ನಮ್ಮ ಹಳ್ಳಿಯಲ್ಲಿ ವಯಸ್ಸಾದವರು ಕಾಲವನ್ನು ಎಣಿಸುತ್ತಿದ್ದ ರೀತಿಯೇ ಬೇರೆಯಾಗಿತ್ತು. ಸಂವತ್ಸರಗಳ ಹೆಸರಾಗಲಿ ಇಸವಿಗಳಾಗಲಿ ಅವರ ಬಾಯಲ್ಲಿ ಬರುತ್ತಿದ್ದುದು ಅಪರೂಪ. 'ಹಳ್ಳ ಬಂದ ವರ್ಷ', 'ಬರ ಬಿದ್ದ ವರ್ಷ', 'ಇಲಿ ಬಿದ್ದ ವರ್ಷ' ಎಂದು ಹೇಳಿದರೆ ಕೇಳಿದವರಿಗೆ ತಿಳಿದುಹೋಗುತ್ತಿತ್ತು. ಬರ ಬೀಳುವುದೆಂದರೇನೆಂಬುದು ನನಗೂ ಗೊತ್ತಿತ್ತು. ಇಲಿ ಬೀಳುವುದೆಂದರೇನೆಂಬುದು ಮಾತ್ರ ಚಿಕ್ಕಂದಿನಲ್ಲಿ ಅರ್ಥವಾಗಿರಲಿಲ್ಲ. ಕೇಳಿದಾಗ ಅಜ್ಜಿ, ತಾನು ತನ್ನ ತಾಯಿಯ ಬಾಯಿಂದ ಕೇಳಿದ್ದನ್ನು ಹೇಳಿದಳು. ಅಟ್ಟದಿಂದಲೋ ಜಂತಿಯಿಂದಲೋ ಇಲಿಯೊಂದು ತಾನಾಗಿಯೇ ನೆಲಕ್ಕೆ ಬೀಳುತ್ತಿತ್ತು; ಅಮಲೇರಿದ್ದರಂತೆ ಒಂದೆರಡು ಸುತ್ತು ತಿರುಗಿ ಅಲ್ಲಿಯೇ ಸಾಯುತ್ತಿತ್ತು. ಅದನ್ನು ಕಂಡ ಮನೆಯವರು ಆ ರಾತ್ರಿ ಆ ಮನೆಯಲ್ಲಿ ಒಲೆ ಹಚ್ಚುತ್ತಿರಲಿಲ್ಲ. ಹಾಸಿಗೆ, ಪಾತ್ರೆ, ಜೋಳದ ಚೀಲಗಳನ್ನು ಗಾಡಿಗೆ ಹೇರಿ, ದನಕರುಗಳನ್ನು ಹೊಡೆದುಕೊಂಡು, ಊರಿಗೆ ಊರೇ ಹೊಲಗಳಿಗೆ ಹೋಗಿ ಗುಡಿಸಲು ಹಾಕಿಕೊಳ್ಳುತ್ತಿತ್ತು. ಎರಡು ಮೂರು ತಿಂಗಳು ಅಲ್ಲಿಯೇ ಅಡುಗೆ, ಅಲ್ಲಿಯೇ ಹಬ್ಬ, ಅಲ್ಲಿಯೇ ಬಾಣಂತನ. ಹಾಗೆ ಹೊರಗಿದ್ದಾಗ ಅಜ್ಜಿಯ ಸೋದರಮಾವನೊಬ್ಬನು ಮರೆತು ಬಂದ ಕೊಳಗವನ್ನು ತರಲೆಂದು ಊರೊಳಗೆ ಹೋದವನು, ಹೊತ್ತು ಮುಳುಗಿತೆಂದು ಆ ಬರಿದಾದ ಮನೆಯಲ್ಲಿ ಒಂದು ರಾತ್ರಿ ಮಲಗಿ ಬಂದನಂತೆ. ನಾಲ್ಕನೆಯ ದಿನ ಜ್ವರ ಬಂದಿತು. ತೊಡೆಯ ಸಂದಿನಲ್ಲಿ ಗಂಟು ಎದ್ದಿತು. ವಾರ ತುಂಬುವುದರೊಳಗೆ ಅವನನ್ನು ಹೊಲದ ಬದುವಿನಲ್ಲಿಯೇ ಮಣ್ಣು ಮಾಡಬೇಕಾಯಿತು. ಇಲಿಯೂ ಸತ್ತು ಹೋಗಿದ್ದ, ಮನುಷ್ಯರೂ ಇಲ್ಲದ ಆ ಮನೆಯಲ್ಲಿ ಅವನನ್ನು ಕೊಂದದ್ದು ಯಾವುದು? ಅಜ್ಜಿ ಅದನ್ನು ಮಾರಿ ಎನ್ನುತ್ತಿದ್ದಳು.

ನಾನು ಹತ್ತನೆಯವರೆಗೆ ಕನ್ನಡದಲ್ಲಿಯೇ ಓದಿ, ಉದರಂಭರಣಕ್ಕಾಗಿ ಈ ಮಹಾನಗರಿಗೆ ಬಂದು ಉಪಾಧ್ಯಾಯನಾದ ಮೇಲೆ ಈ ಕಥೆಯನ್ನು ಬಹುಮಟ್ಟಿಗೆ ಮರೆತಿದ್ದೆ. ಅದನ್ನು ನೆನಪಿಗೆ ತಂದವನು ನಮ್ಮ ಶಾಲೆಯ ಒಬ್ಬ ಹುಡುಗ. 2020ರ ಮಾರ್ಚಿನಲ್ಲಿ ಕೋವಿಡ್ ರೋಗದ ನಿಮಿತ್ತ ಶಾಲೆಗಳ ಬಾಗಿಲು ಮುಚ್ಚಿದುದನ್ನೂ, ಗಂಟುಮೂಟೆ ಹೊತ್ತ ಜನ ಹೆದ್ದಾರಿಗಳಲ್ಲಿ ನಡೆದು ಹೋದುದನ್ನೂ ಆಗ ಚಿಕ್ಕವರಾಗಿದ್ದ ನಮ್ಮ ಮಕ್ಕಳು ಇನ್ನೂ ಮರೆತಿಲ್ಲ. ಇತಿಹಾಸದ ಪಾಠ ನಡೆಯುತ್ತಿದ್ದಾಗ ಆ ಹುಡುಗನು ಎದ್ದು ನಿಂತು, "ಗುರುಗಳೆ, ಮುಂಬಯಿ ಅದಕ್ಕೂ ಮೊದಲು ಎಂದಾದರೂ ಹಾಗೆ ಬರಿದಾಗಿತ್ತೇ?" ಎಂದು ಕೇಳಿದನು. ಆಗಿತ್ತು. ಅಜ್ಜಿಯ ಕಥೆಯ ಮಾರಿಯೇ ಅದನ್ನು ಬರಿದು ಮಾಡಿತ್ತು. ತರಗತಿಯ ನಲವತ್ತು ನಿಮಿಷಗಳಲ್ಲಿ ಹೇಳಲಾಗದೆ ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪ್ಲೇಗು ಬಹು ಹಳೆಯ ಜಾಡ್ಯ. 1347ರಲ್ಲಿ ಅದು ಹಡಗುಗಳ ಮೂಲಕ ಸಿಸಿಲಿ ದ್ವೀಪದ ಮೆಸ್ಸಿನಾ ರೇವಿಗೆ ಬಂದಿಳಿದು, ನಾಲ್ಕೈದು ವರ್ಷಗಳಲ್ಲಿ ಯೂರೋಪಿನ ಜನರಲ್ಲಿ ಮೂರನೆಯ ಒಂದು ಪಾಲಿಗೆ ಕಡಿಮೆಯಿಲ್ಲದಷ್ಟು ಮಂದಿಯನ್ನು ಆಹುತಿ ತೆಗೆದುಕೊಂಡಿತು. ಆ ಕಾಲದ ಲಂಡನ್ನಿನ ಗೋರಿಗಳಲ್ಲಿ ದೊರೆತ ಹಲ್ಲುಗಳಿಂದ ವಿಜ್ಞಾನಿಗಳು 2011ರಲ್ಲಿ ಅದೇ ರೋಗಾಣುವಿನ ವಂಶದ್ರವ್ಯವನ್ನು ಹೊರತೆಗೆದು ಓದಿದುದರಿಂದ, ಅದು ಪ್ಲೇಗೇ ಹೌದೋ ಅಲ್ಲವೋ ಎಂಬ ಹಳೆಯ ಚರ್ಚೆ ಮುಗಿದಂತಾಯಿತು. ಆ ಮಹಾಮಾರಿಯು ಸಮಾಜದ ಮೇಲೆ ಬೀರಿದ ಪರಿಣಾಮಗಳು ಹಲವು. ಅವುಗಳಲ್ಲಿ ಮೂರನ್ನು ಮಾತ್ರ ಹೇಳುತ್ತೇನೆ, ಏಕೆಂದರೆ ಆ ಮೂರೂ ಐದೂವರೆ ಶತಮಾನಗಳ ಅನಂತರ ಮುಂಬಯಿಯಲ್ಲಿ ಬೇರೆ ವೇಷದಲ್ಲಿ ಕಾಣಿಸಿಕೊಂಡವು. ಕಾರಣ ತಿಳಿಯದ ಜನ ಅಪರಾಧಿಯನ್ನು ಹುಡುಕಿದರು. ಯಹೂದ್ಯರು ಬಾವಿಗಳಿಗೆ ವಿಷ ಹಾಕಿದರೆಂಬ ಸುಳ್ಳು ಹಬ್ಬಿ, 1349ರ ಫೆಬ್ರುವರಿಯಲ್ಲಿ ಸ್ಟ್ರಾಸ್‌ಬರ್ಗ್ ಪಟ್ಟಣದಲ್ಲಿ ನೂರಾರು ಯಹೂದ್ಯರನ್ನು ಜೀವಂತವಾಗಿ ಸುಟ್ಟರು. ಅಧಿಕಾರಸ್ಥರು ಜನರ ಓಡಾಟವನ್ನು ಬಂಧಿಸಿದರು. 1377ರಲ್ಲಿ ರಗೂಸಾ ಪಟ್ಟಣವು ರೋಗಪೀಡಿತ ಊರುಗಳಿಂದ ಬಂದವರನ್ನು ಮೂವತ್ತು ದಿನ ಹೊರಗೆ ನಿಲ್ಲಿಸಿತು, ಮುಂದೆ ಅದು ನಲವತ್ತು ದಿನಗಳಾಯಿತು, ನಲವತ್ತೆಂಬುದಕ್ಕೆ ಇಟಲಿಯವರಾಡುವ ಮಾತಿನಿಂದಲೇ 2020ರಲ್ಲಿ ನಮ್ಮ ಮಕ್ಕಳೂ ಕಲಿತ ಕ್ವಾರಂಟೈನ್ ಎಂಬ ಪದ ಹುಟ್ಟಿತು. ಮೂರನೆಯದಾಗಿ, ದುಡಿಯುವ ಕೈಗಳು ಕಡಿಮೆಯಾದುದರಿಂದ ಉಳಿದ ಕೈಗಳ ಬೆಲೆ ಏರಿತು. ಹೆಚ್ಚಿನ ಕೂಲಿ ಕೇಳಬಾರದೆಂದು ಇಂಗ್ಲೆಂಡಿನ ಆಳರಸರು 1349ರಲ್ಲಿ ಆಜ್ಞೆಯನ್ನೂ 1351ರಲ್ಲಿ ಶಾಸನವನ್ನೂ ಹೊರಡಿಸಬೇಕಾಯಿತು.

ಇನ್ನು ನಮ್ಮ ನಗರಕ್ಕೆ ಬರೋಣ. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಪ್ಲೇಗು ಭುಗಿಲೆದ್ದಿತು. ಅಲ್ಲಿಂದ ಹಡಗಿನ ಹಾದಿ ಹಿಡಿದು ಅದು ಎರಡು ವರ್ಷಗಳಲ್ಲಿ ಮುಂಬಯಿಯನ್ನು ಮುಟ್ಟಿತು. ರೇವಿನ ಪಕ್ಕದ ಮಾಂಡವಿ ಎಂಬ ಕೇರಿಯು ಅಂದು ಧಾನ್ಯದ ಕೋಠಿಗಳ ನೆಲೆ. ಕೆಳಗೆ ಗೋಧಿ ಅಕ್ಕಿಗಳ ಮೂಟೆ, ಮೇಲೆ ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ, ನಡುವೆ ಅಸಂಖ್ಯಾತ ಇಲಿಗಳು. ಆ ಕೋಠಿಗಳಲ್ಲಿ ಇಲಿಗಳು ರಾಶಿಯಾಗಿ ಸತ್ತವು. ಯಾರೂ ಅದನ್ನು ದೊಡ್ಡದೆಂದು ಎಣಿಸಲಿಲ್ಲ. 1896ರ ಸೆಪ್ಟೆಂಬರಿನಲ್ಲಿ ಡಾಕ್ಟರ್ ಅಕಾಸಿಯೊ ಗೇಬ್ರಿಯಲ್ ವಿಯೇಗಾಸ್ ಎಂಬ ಗೋವೆಯ ಮೂಲದ ವೈದ್ಯರು ಅಲ್ಲಿನ ರೋಗಿಯೊಬ್ಬನನ್ನು ಪರೀಕ್ಷಿಸಿ ಇದು ಗಂಟುಬೇನೆಯ ಪ್ಲೇಗು ಎಂದು ಸಾರಿದರು. ಧೋಬಿ ತಲಾವಿನ ಬಳಿ ಮೆಟ್ರೋ ಚಿತ್ರಮಂದಿರದ ಎದುರಿಗಿರುವ ಪ್ರತಿಮೆಯನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ, ಅದು ಯಾರದೆಂದು ಕೇಳಿದವರು ವಿರಳ, ಅದು ಇವರದು.

1891ರ ಜನಗಣತಿಯಂತೆ ಮುಂಬಯಿಯಲ್ಲಿ ಎಂಟು ಲಕ್ಷ ಇಪ್ಪತ್ತು ಸಾವಿರಕ್ಕೂ ಮಿಕ್ಕ ಜನರಿದ್ದರು. 1897ರ ಆರಂಭದ ಹೊತ್ತಿಗೆ ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ಊರು ಬಿಟ್ಟಿದ್ದರು. ರೈಲಿನಲ್ಲಿ, ದೋಣಿಯಲ್ಲಿ, ನಡೆದು, ಕೊಂಕಣಕ್ಕೂ ಘಟ್ಟದ ಮೇಲಕ್ಕೂ ಗುಜರಾತಕ್ಕೂ ಹೊರಟರು. ಗಿರಣಿಗಳ ಸದ್ದು ಅಡಗಿತು. ಉಳಿದ ಕೆಲವೇ ಕೂಲಿಕಾರರಿಗಾಗಿ ಗಿರಣಿಯವರು ಬೀದಿಯ ಮೂಲೆಗಳಲ್ಲಿ ನಿಂತು ಹರಾಜಿನಂತೆ ಕೂಲಿ ಏರಿಸಿ ಕರೆದರು. ತಿಂಗಳ ಸಂಬಳವನ್ನೇ ತಡಮಾಡಿ ಕೊಡುತ್ತಿದ್ದವರು ದಿನದಿನದ ಲೆಕ್ಕದಲ್ಲಿ ಹಣ ಎಣಿಸಿಕೊಟ್ಟರು. ಇನ್ನೊಂದು ಸಂಗತಿಯನ್ನು ನಗರಸಭೆಯ ದಾಖಲೆಗಳೇ ಹೇಳುತ್ತವೆ. ರೋಗಿಗಳನ್ನು ಬಲವಂತವಾಗಿ ಆಸ್ಪತ್ರೆಗೆ ಒಯ್ಯಲಾಗುವುದೆಂದು 1896ರ ಅಕ್ಟೋಬರಿನಲ್ಲಿ ಪ್ರಕಟಣೆ ಹೊರಟಾಗ, ಬೀದಿ ಗುಡಿಸುವ, ಮಲ ಹೊರುವ ಕೆಲಸಗಾರರು ಊರು ಬಿಡುವ ಸೂಚನೆ ತೋರಿದರು. ಅವರು ಹೋದರೆ ನಗರ ಒಂದು ವಾರವೂ ಉಳಿಯದೆಂದು ಅರಿತ ಅಧಿಕಾರಿಗಳು ಆ ನಿಯಮವನ್ನು ತಿಂಗಳೊಳಗೆ ಸಡಿಲಿಸಿದರು. ಯಾರ ನೆರಳನ್ನೂ ಸೋಕಬಾರದೆಂದು ದೂರ ನಿಲ್ಲುತ್ತಿದ್ದರೋ ಅವರಿಗಾಗಿ ಕಾಯಿದೆ ಬಾಗಿತು. ಮಾರಿ ಸರಿದ ಮೇಲೆ ಆ ಸಂಗತಿ ಎಲ್ಲರಿಗೂ ಮರೆತುಹೋಯಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ರೋಗವು ಕೊಳೆಯಿಂದ, ಕೆಟ್ಟ ಗಾಳಿಯಿಂದ, ತೇವದ ನೆಲದಿಂದ ಹುಟ್ಟುತ್ತದೆಂದು ಅಂದಿನ ಬಹುಜನ ಅಧಿಕಾರಿಗಳ ನಂಬಿಕೆ. ಆದುದರಿಂದ ಅವರು ಚರಂಡಿಗಳೊಡನೆ ಯುದ್ಧಕ್ಕೆ ನಿಂತರು. ಸಮುದ್ರದ ನೀರನ್ನೂ ಕಾರ್ಬೋಲಿಕ್ ದ್ರಾವಣವನ್ನೂ ಹಗಲಿರುಳು ಗಟಾರಗಳಿಗೆ ಹೊಯ್ದರು. ಮನೆಗಳ ನೆಲ ಅಗೆದರು. ಗೋಡೆಗೆ ಸುಣ್ಣ ಬಳಿದರು. ಬಿಸಿಲು ಬೀಳಲೆಂದು ಹೆಂಚು ಕಿತ್ತರು. ಬಡವರ ಹಾಸಿಗೆ ಬಟ್ಟೆಗಳನ್ನು ಬೀದಿಯಲ್ಲಿ ಸುಟ್ಟರು. ಇದರ ಫಲವೇನಾಯಿತೆಂಬುದು ಇಂದು ನಮಗೆ ಗೊತ್ತು. ಗಟಾರಗಳಲ್ಲಿದ್ದ ಇಲಿಗಳು ಆ ನೀರಿಗೆ ಬೆದರಿ ಮೇಲೆ ಬಂದು ಮನೆಗಳನ್ನು ಹೊಕ್ಕವು. ಒಂದು ಕೇರಿಯವು ಇನ್ನೊಂದು ಕೇರಿಗೆ ಓಡಿದವು. ಒಳ್ಳೆಯ ಉದ್ದೇಶದಿಂದಲೇ ಸರಕಾರವು ಶತ್ರುವನ್ನು ಮನೆಯೊಳಗೆ ಅಟ್ಟಿತು.

ಬಲವಂತದ ಆಸ್ಪತ್ರೆಗೆ ಜನ ಹೆದರಿದರು. ಅಲ್ಲಿ ರೋಗಿಗಳನ್ನು ಬೇಕೆಂದೇ ಕೊಲ್ಲುತ್ತಾರೆಂಬ ವದಂತಿ ಹಬ್ಬಿತ್ತು. ಹೋದವರಲ್ಲಿ ಹೆಚ್ಚಿನವರು ಹಿಂದಿರುಗುತ್ತಿರಲಿಲ್ಲವಾದುದರಿಂದ ಅದನ್ನು ನಂಬದಿರುವುದೇ ಕಷ್ಟವಾಗಿತ್ತು. 1896ರ ಅಕ್ಟೋಬರ್ 29ರಂದು ಸುಮಾರು ಒಂದು ಸಾವಿರ ಗಿರಣಿ ಕಾರ್ಮಿಕರು ಆರ್ಥರ್ ರಸ್ತೆಯ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯ ಮೇಲೆ ಏರಿಹೋದರು. ಅದೇ ಆಸ್ಪತ್ರೆ ಇಂದಿನ ಕಸ್ತೂರಬಾ ಆಸ್ಪತ್ರೆ. 2020ರಲ್ಲಿ ಮುಂಬಯಿಯ ಮೊದಲ ಕೋವಿಡ್ ರೋಗಿಗಳನ್ನು ಇರಿಸಿದ ಸ್ಥಳಗಳಲ್ಲಿ ಅದೂ ಒಂದು. ಹಾಗೆಯೇ 1897ರ ಫೆಬ್ರುವರಿ 4ರಂದು ಸರಕಾರವು ತರಾತುರಿಯಿಂದ ಸಾಂಕ್ರಾಮಿಕ ರೋಗಗಳ ಅಧಿನಿಯಮವೊಂದನ್ನು ಜಾರಿಗೆ ತಂದಿತು. ಅಂದು ಅದರಲ್ಲಿದ್ದುದು ನಾಲ್ಕೇ ಕಲಮುಗಳು. ಸರಕಾರ ಬೇಕೆನಿಸಿದ ನಿಯಮ ಮಾಡಬಹುದು, ಮೀರಿದವರಿಗೆ ಶಿಕ್ಷೆ, ಅಧಿಕಾರಿಗಳ ಮೇಲೆ ದಾವೆಯಿಲ್ಲ: ಅದರ ಸಾರಾಂಶವಿಷ್ಟೆ. ಜನರಿಗೆ ಏನು ಸಲ್ಲಬೇಕೆಂಬುದಕ್ಕೆ ಒಂದು ಸಾಲೂ ಇಲ್ಲ. 2020ರ ಮಾರ್ಚಿನಲ್ಲಿ ಮಹಾರಾಷ್ಟ್ರವೂ ಕರ್ನಾಟಕವೂ ಮೊಟ್ಟಮೊದಲು ಕೈಗೆತ್ತಿಕೊಂಡದ್ದು ಈ ನೂರಿಪ್ಪತ್ತಮೂರು ವರ್ಷ ಹಳೆಯ ಕಾಯಿದೆಯನ್ನೇ.

ಪುಣೆಯಲ್ಲಿ ಈ ಬಲವಂತವು ಮಿತಿ ಮೀರಿತು. ವಾಲ್ಟರ್ ಚಾರ್ಲ್ಸ್ ರ‍್ಯಾಂಡ್ ಎಂಬ ಅಧಿಕಾರಿಯ ಕೈಕೆಳಗೆ ಸೈನಿಕರು ಮನೆಮನೆಗಳನ್ನು ಹೊಕ್ಕು ಶೋಧಿಸಿದರು. ದೇವರ ಕೋಣೆಗೂ ಬಾಣಂತಿಯ ಕೋಣೆಗೂ ಭೇದವಿರಲಿಲ್ಲ. 1897ರ ಜೂನ್ 22ರ ರಾತ್ರಿ, ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಅರುವತ್ತನೆಯ ವರ್ಷದ ಉತ್ಸವದಿಂದ ಹಿಂದಿರುಗುತ್ತಿದ್ದ ರ‍್ಯಾಂಡನನ್ನು ಚಾಪೇಕರ ಸಹೋದರರು ಗುಂಡಿಕ್ಕಿದರು. ಮೂವರು ಸಹೋದರರೂ ಗಲ್ಲಿಗೇರಿದರು. 'ಕೇಸರಿ'ಯ ಲೇಖನಗಳಿಗಾಗಿ ಲೋಕಮಾನ್ಯ ತಿಲಕರಿಗೆ ರಾಜದ್ರೋಹದ ಆರೋಪದ ಮೇಲೆ ಹದಿನೆಂಟು ತಿಂಗಳ ಸಜೆಯಾಯಿತು. ಪಠ್ಯಪುಸ್ತಕಗಳು ಇದಿಷ್ಟನ್ನು ಹೇಳುತ್ತವೆ. ಅದೇ ಪುಣೆಯಲ್ಲಿ, ಅದಕ್ಕಿಂತ ಮೂರು ತಿಂಗಳು ಮೊದಲು ನಡೆದ ಇನ್ನೊಂದು ಮರಣವನ್ನು, ಉಪಾಧ್ಯಾಯನಾದುದರಿಂದಲೋ ಏನೋ, ನಾನು ಹೆಚ್ಚಾಗಿ ನೆನೆಯುತ್ತೇನೆ. ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದ ಸಾವಿತ್ರಿಬಾಯಿ ಫುಲೆಯವರು, ತಮ್ಮ ದತ್ತುಪುತ್ರ ಡಾಕ್ಟರ್ ಯಶವಂತರು ಊರ ಹೊರಗೆ ನಡೆಸುತ್ತಿದ್ದ ಶುಶ್ರೂಷಾಲಯದಲ್ಲಿ ಪ್ಲೇಗಿನ ರೋಗಿಗಳ ಸೇವೆಗೆ ನಿಂತರು. ಮುಂಢವೆಯ ದಲಿತ ಬಾಲಕನೊಬ್ಬನನ್ನು ಹೊತ್ತು ತಂದು ಆರೈಕೆ ಮಾಡಿದ ಅವರಿಗೇ ರೋಗ ತಗಲಿ, 1897ರ ಮಾರ್ಚ್ 10ರಂದು ತೀರಿಕೊಂಡರು. ಅವರಿಗೆ ಆಗ ಅರುವತ್ತಾರು ವರ್ಷ.

ಹಾಗಾದರೆ ರೋಗ ಹರಡುತ್ತಿದ್ದುದು ಹೇಗೆ? ಅಜ್ಜಿಯ ಸೋದರಮಾವನು ಸತ್ತದ್ದೇಕೆಂಬ ಪ್ರಶ್ನೆಗೂ ಉತ್ತರ ಇಲ್ಲಿಯೇ ಇದೆ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ರೋಗಾಣುವನ್ನು ಕಂಡುಹಿಡಿದವನು ಅಲೆಕ್ಸಾಂಡರ್ ಯೆರ್ಸಿನ್. 1894ರ ಜೂನಿನಲ್ಲಿ ಹಾಂಗ್‌ಕಾಂಗಿನ ಆಸ್ಪತ್ರೆಯಲ್ಲಿ ಸ್ಥಳ ದೊರೆಯದೆ, ಹುಲ್ಲಿನ ಗುಡಿಸಲೊಂದನ್ನು ಕಟ್ಟಿಕೊಂಡು, ಸತ್ತವರ ಗಂಟಿನ ಕೀವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಅವನು ಅದನ್ನು ಕಂಡನು. ಜಪಾನಿನ ಕಿಟಸಾಟೊ ಕೂಡ ಅದೇ ದಿನಗಳಲ್ಲಿ ಅಲ್ಲಿ ಅದೇ ಶೋಧದಲ್ಲಿದ್ದನು. ಬೀದಿಯಲ್ಲಿ ಬಿದ್ದಿದ್ದ ಸತ್ತ ಇಲಿಗಳಲ್ಲಿಯೂ ಅದೇ ಅಣುಗಳಿರುವುದನ್ನು ಯೆರ್ಸಿನ್ ನೋಡಿದನು. ಆದರೆ ಇಲಿಯಿಂದ ಮನುಷ್ಯನಿಗೆ ಅದು ದಾಟುವ ಸೇತುವೆ ಯಾವುದೆಂಬುದು ತಿಳಿದಿರಲಿಲ್ಲ.

ಆ ಸೇತುವೆಯನ್ನು ಕಂಡವನು ಪಾಲ್ ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯ. ಹಲವು ರೋಗಿಗಳ ಕಾಲಿನ ಮೇಲೆ ಸಣ್ಣದೊಂದು ಬೊಕ್ಕೆಯಿರುವುದನ್ನೂ, ಅದರ ನೀರಿನಲ್ಲಿ ರೋಗಾಣುಗಳಿರುವುದನ್ನೂ ಅವನು ಗಮನಿಸಿದ್ದನು. ಯಾವುದೋ ಹುಳು ಕಚ್ಚಿದ ಗುರುತಿರಬೇಕೆಂದು ಊಹಿಸಿದನು. 1898ರ ಜೂನ್ 2ರಂದು ಕರಾಚಿಯಲ್ಲಿ, ದೊಡ್ಡದೊಂದು ಗಾಜಿನ ಜಾಡಿಯಲ್ಲಿ ಚಿಗಟಗಳಿದ್ದ ರೋಗದ ಇಲಿಯೊಂದನ್ನು ಇಟ್ಟನು. ಅದು ಸಾಯುವ ಹೊತ್ತಿಗೆ, ಆರೋಗ್ಯವಾಗಿದ್ದ ಇನ್ನೊಂದು ಇಲಿಯನ್ನು ಜಾಲರಿಯ ಪಂಜರದಲ್ಲಿಟ್ಟು ಅದೇ ಜಾಡಿಯೊಳಗೆ ತೂಗುಹಾಕಿದನು. ಎರಡು ಇಲಿಗಳೂ ಒಂದನ್ನೊಂದು ಮುಟ್ಟುವಂತಿರಲಿಲ್ಲ. ಚಿಗಟ ಮಾತ್ರ ಜಾಲರಿಯನ್ನು ದಾಟಬಲ್ಲದಾಗಿತ್ತು. ಕೆಲವೇ ದಿನಗಳಲ್ಲಿ ಮೇಲಿನ ಇಲಿಯೂ ಪ್ಲೇಗಿನಿಂದ ಸತ್ತಿತು. ಚಿಗಟಗಳಿಲ್ಲದ ರೋಗದ ಇಲಿಯೊಡನೆ ಇಟ್ಟವು ಬದುಕಿ ಉಳಿದವು. ಪ್ರೌಢಶಾಲೆಯ ಹುಡುಗರಿಗೂ ಅರ್ಥವಾಗುವ ಇಷ್ಟು ಸರಳವಾದ ಪ್ರಯೋಗ!

ಚಿಗಟದ ಹೊಟ್ಟೆಯೊಳಗೆ ನಡೆಯುವುದೇನೆಂಬುದು 1914ರಲ್ಲಿ ಬ್ಯಾಕಟ್ ಮತ್ತು ಮಾರ್ಟಿನ್ ಎಂಬ ಇಬ್ಬರಿಂದ ತಿಳಿಯಿತು. ರೋಗದ ರಕ್ತ ಕುಡಿದ ಚಿಗಟದ ಜಠರದ ಬಾಗಿಲಿನಲ್ಲಿ ರೋಗಾಣುಗಳು ಬೆಳೆದು ಬಿರಡೆಯಂತೆ ಕಟ್ಟಿಕೊಳ್ಳುತ್ತವೆ. ಕುಡಿದ ರಕ್ತ ಒಳಗೆ ಇಳಿಯುವುದಿಲ್ಲ. ಚಿಗಟದ ಹಸಿವು ತೀರುವುದಿಲ್ಲ. ಹಸಿವಿನಿಂದ ಅದು ಮತ್ತೆ ಮತ್ತೆ ಕಚ್ಚುತ್ತದೆ, ಕಚ್ಚಿದಾಗಲೆಲ್ಲ ಹೀರಿದ ರಕ್ತವು ಬಿರಡೆಗೆ ತಾಗಿ ರೋಗಾಣುಗಳೊಡನೆ ಹಿಂದಕ್ಕೆ, ಕಚ್ಚಿಸಿಕೊಂಡವರ ಗಾಯದೊಳಗೆ ಬರುತ್ತದೆ. ಇಲಿ ಬದುಕಿರುವವರೆಗೆ ಚಿಗಟಕ್ಕೆ ಮನುಷ್ಯನ ಹಂಗಿಲ್ಲ. ಇಲಿ ಸತ್ತು ಅದರ ಮೈ ತಣ್ಣಗಾಯಿತೆಂದರೆ ಚಿಗಟವು ಬೆಚ್ಚಗಿನ ಇನ್ನೊಂದು ಮೈಯನ್ನು ಅರಸಿ ಹೊರಡುತ್ತದೆ. ಇಲಿಗಳೆಲ್ಲ ಸತ್ತು, ಮನುಷ್ಯರೂ ತೊರೆದು ಹೋದ ಮನೆಯ ನೆಲದಲ್ಲಿ ಹಸಿದ ಚಿಗಟಗಳು ಕಾದಿರುತ್ತವೆ. ಕೊಳಗ ತರಲು ಹೋಗಿ ಒಂದೇ ಒಂದು ರಾತ್ರಿ ನೆಲದ ಮೇಲೆ ಮಲಗಿದ ಆ ಬಡಪಾಯಿಗೆ ಆದದ್ದು ಇದೇ.

ಒಂದು ಮಾತನ್ನು ಇಲ್ಲಿ ಸೇರಿಸಬೇಕು. ರೋಗವು ಶ್ವಾಸಕೋಶಕ್ಕೆ ಇಳಿದರೆ ಚಿಗಟದ ನೆರವಿಲ್ಲದೆ, ಕೆಮ್ಮಿನ ಹನಿಗಳಿಂದಲೇ ಒಬ್ಬರಿಂದೊಬ್ಬರಿಗೆ ದಾಟುತ್ತದೆ. 1910–11ರಲ್ಲಿ ಮಂಚೂರಿಯದಲ್ಲಿ ಹಬ್ಬಿದುದು ಅದು. ಅಲ್ಲಿ ವು ಲಿಯೆನ್-ತೆ ಎಂಬ ವೈದ್ಯರು ಬಟ್ಟೆಯ ಪದರಗಳ ಮುಖಗವುಸನ್ನು ತೊಡಿಸಿ ರೋಗವನ್ನು ತಡೆದರು. ನಾವೆಲ್ಲ ಎರಡು ವರ್ಷ ತೊಟ್ಟ ಮುಖಗವುಸಿನ ಹಿರಿಯನೆಂದು ಅದನ್ನು ಹೇಳಬಹುದು. ಭಾರತದಲ್ಲಿ ಮಾತ್ರ ಹೆಚ್ಚಾಗಿ ಕೊಂದದ್ದು ಇಲಿ ಚಿಗಟಗಳ ಗಂಟುಬೇನೆಯೇ.

ಸಿಮೊಂಡನ ಪ್ರಯೋಗ 1898ರಲ್ಲಿಯೇ ಅಚ್ಚಾಯಿತು. ಆದರೆ ಅದನ್ನು ನಂಬಿದವರಾರು? ಸರಕಾರ ನೇಮಿಸಿದ್ದ ಮೊದಲ ಪ್ಲೇಗ್ ಆಯೋಗವು ಇಲಿಗೆ ಅಷ್ಟೇನೂ ಪ್ರಾಧಾನ್ಯ ಕೊಡದೆ, ಚಿಗಟದ ವಾದವನ್ನು ಬದಿಗೆ ಸರಿಸಿಬಿಟ್ಟಿತು. ಏಳು ವರ್ಷಗಳ ಅನಂತರ, 1905ರಿಂದ, ಮುಂಬಯಿಯ ಪರಳದಲ್ಲಿ ಗ್ಲೆನ್ ಲಿಸ್ಟನ್ ಮೊದಲಾದ ಸಂಶೋಧಕರು ಅದನ್ನು ಮರಳಿ ಪರೀಕ್ಷಿಸಿದರು. ಪ್ಲೇಗು ಬಂದ ಮನೆಗಳಲ್ಲಿ ಗಿನಿಯಿಲಿಗಳನ್ನು ಬಿಟ್ಟು ನೋಡಿದರು; ಅವುಗಳ ಮೈಗೆ ಇಲಿಯ ಚಿಗಟಗಳು ಮುತ್ತಿದವು. ನೆಲದ ಮೇಲೆ ಓಡಾಡಿದವು ರೋಗ ಬಂದು ಸತ್ತವು. ಚಿಗಟ ನೆಗೆಯಲಾರದಷ್ಟು ಎತ್ತರದಲ್ಲಿ ತೂಗುಹಾಕಿದ ಪಂಜರಗಳಲ್ಲಿದ್ದವು ಬದುಕಿದವು. ಆಗ ಲೋಕ ಒಪ್ಪಿತು. ಅಷ್ಟರಲ್ಲಿ ರೋಗವು ಪಂಜಾಬದವರೆಗೆ ವ್ಯಾಪಿಸಿತ್ತು. 1896ರಿಂದ ಮುಂದಿನ ಮೂರು ದಶಕಗಳೊಳಗೆ ಈ ದೇಶದಲ್ಲಿ ಪ್ಲೇಗಿಗೆ ಬಲಿಯಾದವರು ಒಂದು ಕೋಟಿಗೂ ಹೆಚ್ಚು.

ಹಿಮಾಲಯದ ಗಢವಾಲ, ಕುಮಾಊಂ ಸೀಮೆಗಳ ಹಳ್ಳಿಗರು ಇಲಿ ಸತ್ತುದನ್ನು ಕಂಡೊಡನೆ ಊರು ಬಿಟ್ಟು ಬೆಟ್ಟ ಹತ್ತುತ್ತಿದ್ದರೆಂಬುದು ಹತ್ತೊಂಬತ್ತನೆಯ ಶತಮಾನದ ಸರಕಾರಿ ವರದಿಗಳಲ್ಲಿಯೇ ಬರೆದಿತ್ತು. ಸಾಹೇಬರು ಅದನ್ನು ಬರೆದುಕೊಂಡರು, ಅದರಿಂದ ಕಲಿಯಲಿಲ್ಲ. ತಿಳಿಯದಿದ್ದುದಕ್ಕಾಗಿ ನಾನು ಅಂದಿನ ಅಧಿಕಾರಿಗಳನ್ನು ದೂರುವುದಿಲ್ಲ; ತಿಳಿಯದವರೆಲ್ಲರೂ ಕ್ಷಮ್ಯರು. ತಿಳಿಯದುದನ್ನು ತಿಳಿದಂತೆ ಬಂದೂಕಿನ ಬಲದಿಂದ ನಡೆಸಿದುದು, ಹೇಳಬಂದವರ ಮಾತನ್ನು ಅವನು ಫ್ರೆಂಚನೆಂದೋ ಇವನು ಹಳ್ಳಿಗನೆಂದೋ ಕೇಳದೆ ಹೋದುದು — ಅದು ಬೇರೆ. ಹಳ್ಳಿಗನ ಅರಿವನ್ನೂ ವಿಶೇಷವಾಗಿ ಹೊಗಳಲಾರೆ. ಇಲಿ ಬಿದ್ದರೆ ಮನೆ ಬಿಡಬೇಕೆಂಬುದು ಅವನಿಗೆ ಗೊತ್ತಿತ್ತು, ಏಕೆಂಬುದು ಗೊತ್ತಿರಲಿಲ್ಲ. ಗೊತ್ತಿದ್ದರೆ ಕೊಳಗಕ್ಕಾಗಿ ಯಾರೂ ಹಿಂದಿರುಗುತ್ತಿರಲಿಲ್ಲ. ಕ್ರಮೇಣ ಸರಕಾರವೂ ಊರ ಹೊರಗೆ ಬಿಡಾರಗಳನ್ನು ಹಾಕಿ ಜನರನ್ನು ಅಲ್ಲಿಗೆ ಕಳಿಸುವುದೇ ಲೇಸೆಂದು ಕಂಡುಕೊಂಡಿತು.

ಮುಂಬಯಿಗೆ ಬಂದ ಇನ್ನೊಬ್ಬನ ವಿಷಯವನ್ನು ಹೇಳಲೇಬೇಕು. ವಾಲ್ಡೆಮರ್ ಹಾಫ್‌ಕಿನ್ ಒಡೆಸ್ಸಾದಲ್ಲಿ ಹುಟ್ಟಿದ ಯಹೂದ್ಯ. 1896ರ ಅಕ್ಟೋಬರಿನಲ್ಲಿ ಭಾಯಖಳಾದ ಗ್ರಾಂಟ್ ವೈದ್ಯಕೀಯ ಕಾಲೇಜಿನ ಸಣ್ಣದೊಂದು ಕೋಣೆಯಲ್ಲಿ, ಒಬ್ಬ ಕಾರಕೂನ ಮತ್ತು ಮೂವರು ಜವಾನರ ಸಹಾಯದಿಂದ ಕೆಲಸ ಆರಂಭಿಸಿ, ಮೂರು ತಿಂಗಳಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿದನು. 1897ರ ಜನವರಿ 10ರಂದು ಅದನ್ನು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡನು. ಆಮೇಲೆ ಭಾಯಖಳಾದ ಸೆರೆಮನೆಯಲ್ಲಿ ಒಪ್ಪಿದ ಕೈದಿಗಳ ಮೇಲೆ ಪ್ರಯೋಗ ನಡೆಯಿತು. ನಮ್ಮ ಸೀಮೆಗೂ ಆ ಲಸಿಕೆ ಬಂದಿತು. 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗು ಭಯಂಕರವಾಗಿ ಹಬ್ಬಿದಾಗ, ಐವತ್ತು ಸಾವಿರದಷ್ಟು ಜನರಿದ್ದ ಆ ಊರಿನಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿ ಚುಚ್ಚುಮದ್ದು ಹಾಕಿಸಿಕೊಂಡರು. ಪುಣೆಯಲ್ಲಿ ಬಾಗಿಲು ಮುರಿದರೂ ದೊರೆಯದ ಸಹಕಾರವು ಹುಬ್ಬಳ್ಳಿಯಲ್ಲಿ ದೊರೆಯಿತು.

ಹಾಫ್‌ಕಿನ್‌ನ ಬಾಳು ಸುಖಾಂತವಾಗಲಿಲ್ಲ. 1902ರಲ್ಲಿ ಪಂಜಾಬದ ಮುಲ್ಕೊವಾಲ ಎಂಬ ಹಳ್ಳಿಯಲ್ಲಿ ಒಂದೇ ಸೀಸೆಯಿಂದ ಲಸಿಕೆ ಪಡೆದ ಹತ್ತೊಂಬತ್ತು ಜನ ಧನುರ್ವಾಯುವಿನಿಂದ ಸತ್ತರು. ಸೀಸೆ ತೆರೆಯುವಾಗ ಇಕ್ಕಳ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಿಮಾಡದೆ ಬಳಸಿದುದೇ ಕಾರಣವೆಂಬುದಕ್ಕೆ ಆಧಾರವಿತ್ತು. ಆದರೂ ತಪ್ಪನ್ನು ಹಾಫ್‌ಕಿನ್‌ನ ತಲೆಗೆ ಕಟ್ಟಿ ಅವನನ್ನು ಕೆಲಸದಿಂದ ದೂರವಿಟ್ಟರು. ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು 1907ರಲ್ಲಿ ಅವನ ಪರವಾಗಿ ಬಹಿರಂಗವಾಗಿ ಬರೆದ ಮೇಲೆಯೇ ಕಳಂಕ ಕಳೆಯಿತು. ಪರಳದ ಅವನ ಪ್ರಯೋಗಶಾಲೆಗೆ 1925ರಲ್ಲಿ ಅವನ ಹೆಸರನ್ನೇ ಇಟ್ಟರು.

ಮುಂದೆ 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಮತ್ತು ಡಿಡಿಟಿಗಳು ಬಂದ ಮೇಲೆ ಪ್ಲೇಗು ಹಿಮ್ಮೆಟ್ಟಿತು. ಅಳಿಯಲಿಲ್ಲ. 1994ರ ಸೆಪ್ಟೆಂಬರಿನಲ್ಲಿ ಸೂರತ್ತಿನಲ್ಲಿ ಕಾಣಿಸಿಕೊಂಡಾಗ ಐವತ್ತಕ್ಕೂ ಹೆಚ್ಚು ಜನ ಸತ್ತರು, ಲಕ್ಷಾಂತರ ಜನ ಓಡಿದರು. ಮಡಗಾಸ್ಕರ್ ದ್ವೀಪದಲ್ಲಿ ಅದು ಇಂದಿಗೂ ಬಂದುಹೋಗುತ್ತಿರುತ್ತದೆ. ಬೇಗನೆ ಗುರುತಿಸಿದರೆ ಮಾತ್ರ ಔಷಧದಿಂದ ಗುಣವಾಗುತ್ತದೆ.

ಪ್ಲೇಗು ಬಿಟ್ಟುಹೋದ ಗುರುತುಗಳಲ್ಲಿ ನಾವು ದಿನವೂ ನೋಡುವವು ರಸ್ತೆಗಳು ಮತ್ತು ಬಡಾವಣೆಗಳು. ಬೆಂಗಳೂರಿನಲ್ಲಿ 1898ರಲ್ಲಿ ರೋಗ ಹೊಕ್ಕ ಮೇಲೆ, ಮೊದಲೇ ಯೋಜಿಸಿದ್ದ ಮಲ್ಲೇಶ್ವರ ಬಸವನಗುಡಿಗಳಿಗೆ ಜನ ಹಳೆಯ ಪೇಟೆಯಿಂದ ಹೋಗಿ ನೆಲೆಸತೊಡಗಿದರು. ಪ್ಲೇಗಿನ ಅಮ್ಮನ ಗುಡಿಗಳೂ ಆ ನಗರದಲ್ಲಿ ಉಂಟು. ಮುಂಬಯಿಯಲ್ಲಿ 1898ರಲ್ಲಿಯೇ ನಗರ ಸುಧಾರಣಾ ಟ್ರಸ್ಟು ಹುಟ್ಟಿತು. ಇಕ್ಕಟ್ಟಾದ ಕೇರಿಗಳನ್ನು ಕೆಡವಿ ಪ್ರಿನ್ಸೆಸ್ ಸ್ಟ್ರೀಟ್, ಸ್ಯಾಂಡ್‌ಹರ್ಸ್ಟ್ ರಸ್ತೆಗಳನ್ನು ತೆರೆದವರೂ, ಉತ್ತರದ ಗದ್ದೆ ತೋಟಗಳಲ್ಲಿ ದಾದರ, ಮಾಟುಂಗ, ವಡಾಳಗಳ ಬಡಾವಣೆಗಳಿಗೆ ಗೆರೆ ಎಳೆದವರೂ ಅವರೇ. ಮಾಟುಂಗದ ಅಗಲವಾದ ರಸ್ತೆಗಳಲ್ಲಿ ಮುಂದೆ ದಕ್ಷಿಣ ದೇಶದವರು ನೆಲೆಸಿದರು. 1926ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಷನ್ ಇಂದಿಗೂ ಅಲ್ಲಿಯೇ ಇದೆ. ಆದರೆ ಯಾರ ಕೋಣೆಗಳನ್ನು ಕೆಡವಿದರೋ ಆ ಬಡವರಿಗೆ ಮಾಟುಂಗದ ಬಾಡಿಗೆ ಎಟುಕುವಂತಿರಲಿಲ್ಲ. ಟ್ರಸ್ಟು ತನ್ನ ಮೊದಲ ವರ್ಷಗಳಲ್ಲಿ ಕಟ್ಟಿದುದಕ್ಕಿಂತ ಕೆಡವಿದುದೇ ಹೆಚ್ಚು. ಹೊರಬಿದ್ದವರು ಪಕ್ಕದ ಕೇರಿಗಳಲ್ಲಿಯೇ ಇನ್ನಷ್ಟು ಒತ್ತೊತ್ತಾಗಿ ತುಂಬಿಕೊಂಡರು.

ಆ ಟ್ರಸ್ಟಿನ ಎಂಜಿನಿಯರುಗಳು ಒಂದು ಕೋನದ ನಿಯಮವನ್ನು ಮಾಡಿದ್ದರು. ಮನೆಯ ಬುಡದಿಂದ ಎದುರಿನ ಕಟ್ಟಡದ ನೆತ್ತಿಗೆ ಎಳೆದ ಗೆರೆಯು ನೆಲದೊಡನೆ ಅರುವತ್ತಮೂರೂವರೆ ಡಿಗ್ರಿಗಿಂತ ಹೆಚ್ಚಿನ ಕೋನ ಮಾಡಬಾರದು. ಎಂದರೆ, ನಡುವಣ ಬಯಲಿನ ಅಗಲದ ಎರಡರಷ್ಟಕ್ಕಿಂತ ಎದುರಿನ ಕಟ್ಟಡ ಎತ್ತರವಾಗಿರಕೂಡದು. ಹಾಗಿದ್ದರೆ ಕೆಳಗಿನ ಕೋಣೆಗೂ ಬೆಳಕು ಬೀಳುತ್ತದೆ. ಕಳೆದ ವರ್ಷ ಒಂಬತ್ತನೆಯ ಇಯತ್ತೆಯ ಮಕ್ಕಳಿಗೆ ಇದನ್ನು ಹೇಳ, ಅಳತೆಪಟ್ಟಿ ಕೊಟ್ಟು, ತಮ್ಮ ತಮ್ಮ ಮನೆಗಳ ಮುಂದೆ ಅಳೆದು ಬರಲು ಕಳಿಸಿದೆ. ಮೂವತ್ತೊಂದು ಮಕ್ಕಳು ಲೆಕ್ಕ ಬರೆದು ತಂದರು. ನಿಯಮಕ್ಕೆ ಹೊಂದಿದ ಮನೆಗಳು ನಾಲ್ಕು. ಒಬ್ಬ ಹುಡುಗಿ ಮಾತ್ರ ಅಂಕಿಯನ್ನು ಬರೆದಿರಲಿಲ್ಲ. ಅವರ ಗಲ್ಲಿಯಲ್ಲಿ ಪಟ್ಟಿಯನ್ನು ಬಿಚ್ಚಬೇಕಾಗಿಯೇ ಬರಲಿಲ್ಲವೆಂದೂ, ಎರಡು ಕೈಗಳನ್ನು ಚಾಚಿದರೆ ಎರಡು ಕಡೆಯ ಗೋಡೆಗಳೂ ತಾಗುತ್ತವೆಂದೂ, ಮನೆಯಲ್ಲಿ ಹಗಲಿನಲ್ಲಿಯೂ ದೀಪ ಹಾಕಿಯೇ ಓದುವುದೆಂದೂ ಹೇಳಿ, ರಾತ್ರಿ ಇಲಿಗಳು ಓಡಾಡುವ ಹಾದಿಯನ್ನು ತನ್ನ ವಹಿಯಲ್ಲಿ ಅಂದವಾಗಿ ಚಿತ್ರ ಬಿಡಿಸಿ ತಂದಿದ್ದಳು.